ತಾಯಿಯ ಮಾತು ಮರೆತ ಮಗಳು

ಎಳೆಯ ಮಕ್ಕಳು ಎರಡು ಭಾಷೆಗಳನ್ನು ಅನಾಯಾಸವಾಗಿ ಕಲಿಯುತ್ತಾರೆಂಬುದನ್ನು ನೀವೆಲ್ಲರೂ ಕೇಳಿದ್ದೀರಿ. ಅಷ್ಟೇ ಅನಾಯಾಸವಾಗಿ ಒಂದನ್ನು ಮರೆತುಬಿಡುತ್ತಾರೆಂದು ಹೇಳುವವರು ವಿರಳ. ಜಪಾನಿನ ಇತಿಹಾಸದಲ್ಲಿ ಇದಕ್ಕೆ ಮನಕಲಕುವ ನಿದರ್ಶನವೊಂದಿದೆ.

1871ರ ಡಿಸೆಂಬರ್ 23ರಂದು ಇವಾಕುರಾ ತೊಮೊಮಿಯವರ ನೇತೃತ್ವದ ರಾಜನಿಯೋಗವು ಯೊಕೊಹಾಮಾ ಬಂದರಿನಿಂದ ಅಮೆರಿಕಕ್ಕೆ ಹೊರಟಿತು. ಅದೇ ಹಡಗಿನಲ್ಲಿ ಐವರು ಹೆಣ್ಣುಮಕ್ಕಳಿದ್ದರು. ಅವರಲ್ಲಿ ಅತಿ ಕಿರಿಯಳಾದ ತ್ಸುದಾ ಉಮೆಗೆ ಏಳು ವರ್ಷ ತುಂಬಲು ಇನ್ನೂ ಎಂಟು ದಿನ ಬಾಕಿಯಿತ್ತು. ಹೊಕ್ಕೈದೊ ದ್ವೀಪದ ಅಭಿವೃದ್ಧಿಗೆಂದು ಸ್ಥಾಪಿತವಾಗಿದ್ದ ಸರ್ಕಾರಿ ಇಲಾಖೆಯು ಹತ್ತು ವರ್ಷಗಳ ಖರ್ಚನ್ನು ವಹಿಸಿಕೊಂಡಿತ್ತು. ಈ ಬಾಲಕಿಯರು ವಿದ್ಯಾವಂತರಾಗಿ ಮರಳಿ ತಮ್ಮ ನಾಡಿನ ಸ್ತ್ರೀಯರಿಗೆ ಮಾದರಿಯಾಗಬೇಕೆಂಬುದು ಆಶಯ. ಅಷ್ಟು ಕಾಲ ಅವರ ನಾಲಗೆಯ ಮೇಲೆ ಜಪಾನಿ ಭಾಷೆ ಉಳಿಯುವ ಬಗೆ ಹೇಗೆಂದು ಯಾರೂ ಚಿಂತಿಸಿದಂತೆ ಕಾಣುವುದಿಲ್ಲ. ಬದಲಾಗಿ, ಒಟ್ಟಿಗಿದ್ದರೆ ಇಂಗ್ಲಿಷ್ ಕಲಿಯಲಾರರೆಂದು ಅವರನ್ನು ಬೇರೆಬೇರೆ ಮನೆಗಳಿಗೆ ಕಳುಹಿಸಲಾಯಿತು.

ಹಿರಿಯರಿಬ್ಬರು 1872ರಲ್ಲಿಯೇ ಸ್ವದೇಶಕ್ಕೆ ಹಿಂದಿರುಗಿದರು. ಉಳಿದವರಲ್ಲಿ ಹನ್ನೊಂದರ ಪ್ರಾಯದಲ್ಲಿ ಹೊರಟಿದ್ದ ಯಾಮಕಾವಾ ಸುತೆಮಾತ್ಸು ಒಬ್ಬಳು. ಅವಳ ಮೊದಲ ಹೆಸರು ಸಾಕಿಕೊ. ಕಳುಹಿಸುವ ಮುನ್ನ ತಾಯಿಯೇ ಅದನ್ನು ಬದಲಾಯಿಸಿದಳು. ಹೊಸ ಹೆಸರಿನಲ್ಲಿ 'ತ್ಯಜಿಸು' ಮತ್ತು 'ಕಾದಿರು' ಎಂಬ ಎರಡು ಅರ್ಥಗಳು ಕೇಳಿಬರುತ್ತವೆ. ಎಂಥ ತಾಯಿಯ ಎಂಥ ಸಂಕಟವಿದು! ಸುತೆಮಾತ್ಸುವಿನ ಅಣ್ಣ ಕೆಂಜಿರೊ ಆಗ ಯೇಲ್‌ನಲ್ಲಿ ವಿದ್ಯಾರ್ಥಿಯಾಗಿದ್ದನು. ಸ್ವಭಾಷೆಯಲ್ಲಿ ಮಾತನಾಡಲು ಅವಳಿಗೆ ಹೀಗೆ ಒಬ್ಬನಾದರೂ ಇದ್ದನು.

ಉಮೆಗೆ ಅಂಥವರು ಯಾರೂ ಇರಲಿಲ್ಲ. ವಾಷಿಂಗ್ಟನ್ನಿನ ಜಾರ್ಜ್‌ಟೌನಿನಲ್ಲಿ ಮಕ್ಕಳಿಲ್ಲದ ಲ್ಯಾನ್‌ಮನ್ ದಂಪತಿಗಳು ಅವಳನ್ನು ಸ್ವಂತ ಮಗಳಂತೆ ಸಲಹಿದರು. ಅವರ ಮನೆಯಲ್ಲಿರುವಾಗಲೇ, 1873ರಲ್ಲಿ, ಅವಳು ದೀಕ್ಷಾಸ್ನಾನ ಪಡೆದಳು. ಪ್ರೀತಿಗೆ ಕೊರತೆಯಿರಲಿಲ್ಲ, ಆದರೆ ಆ ಪ್ರೀತಿಯ ಮಾತೆಲ್ಲ ಇಂಗ್ಲಿಷಿನದು. ಅಷ್ಟು ಎಳೆಯ ವಯಸ್ಸಿನಲ್ಲಿ ಆಡದೆ, ಕೇಳದೆ ಬಿಟ್ಟ ಭಾಷೆ ಕೆಲವೇ ವರ್ಷಗಳಲ್ಲಿ ಸವೆದುಹೋಗುತ್ತದೆ. ಅದು ರಕ್ತದಲ್ಲಿ ಇರುವಂಥದಲ್ಲ.

1882ರ ನವೆಂಬರಿನಲ್ಲಿ ಉಮೆ ಮರಳಿದಾಗ ತಂದೆ ತ್ಸುದಾ ಸೆನ್ ಅವರಿಗೆ ಇಂಗ್ಲಿಷ್ ತಿಳಿದಿತ್ತು. ಆದರೆ ಹೆತ್ತ ತಾಯಿಯೊಡನೆ ಮಾತನಾಡಲು ಮಗಳಿಗೆ ದುಭಾಷಿ ಬೇಕಾಯಿತು. ಗುರುಮಠದಲ್ಲಿ ನಾವೂ ಲತೀನ್ ಭಾಷೆಯನ್ನು ಕಲಿತವರೇ. ಆದರೆ ತಾಯ್ನುಡಿಯನ್ನೇ ವ್ಯಾಕರಣದಿಂದ ಆರಂಭಿಸಿ ಕಲಿಯಬೇಕಾದವರ ಪಾಡು ಬೇರೆ. ಅವಳನ್ನು ಕಳುಹಿಸಿದ್ದ ಇಲಾಖೆಯನ್ನು ಆ ವೇಳೆಗಾಗಲೇ ವಿಸರ್ಜಿಸಲಾಗಿತ್ತು. ಮರಳಿದವರಿಗೆ ಯಾವ ಕೆಲಸವನ್ನೂ ಗೊತ್ತುಪಡಿಸಿರಲಿಲ್ಲ. ಸುತೆಮಾತ್ಸು ವಾಸರ್ ಕಾಲೇಜಿನಿಂದ ಪದವಿ ಪಡೆದು, ಕಾಲೇಜು ಪದವೀಧರೆಯಾದ ಪ್ರಥಮ ಜಪಾನಿ ಮಹಿಳೆಯಾಗಿದ್ದಳು. ಆದರೂ ಜಪಾನಿಯನ್ನು ಸರಾಗವಾಗಿ ಓದಿ ಬರೆಯಲಾರದ ಕಾರಣ ಅಧ್ಯಾಪಕಿಯ ಹುದ್ದೆಯನ್ನು ಸ್ವೀಕರಿಸಲಾಗಲಿಲ್ಲ. ಸರ್ಕಾರ ಬಯಸಿದ ವಿದ್ಯೆಯನ್ನೆಲ್ಲ ಆಕೆ ಗಳಿಸಿದ್ದಳು. ಅದನ್ನು ಹಂಚಲು ಭಾಷೆಯೇ ಇರಲಿಲ್ಲ!

ಉಮೆ ಧೃತಿಗೆಡಲಿಲ್ಲ. ಮುಂದೆ ಪ್ರಥಮ ಪ್ರಧಾನಿಯಾದ ಇತೋ ಹಿರೋಬುಮಿಯವರ ಮನೆಯಲ್ಲಿ ಕೆಲಕಾಲವಿದ್ದು ಇಂಗ್ಲಿಷ್ ಕಲಿಸಿದಳು. ಶಿಮೋದಾ ಉತಾಕೊ ಎಂಬ ವಿದುಷಿಯ ಶಾಲೆಯಲ್ಲಿ ಇಂಗ್ಲಿಷ್ ಬೋಧಿಸುತ್ತಲೇ ಆಕೆಯಿಂದ ಜಪಾನಿ ಪಾಠ ಹೇಳಿಸಿಕೊಂಡಳು. 1885ರಿಂದ ಶ್ರೀಮಂತ ಮನೆತನಗಳ ಹೆಣ್ಣುಮಕ್ಕಳ ಶಾಲೆಯಲ್ಲಿ ಅಧ್ಯಾಪಕಿಯಾದಳು. ಮತ್ತೆ ಅಮೆರಿಕಕ್ಕೆ ತೆರಳಿ ಬ್ರಿನ್ ಮಾರ್ ಕಾಲೇಜಿನಲ್ಲಿ ಜೀವಶಾಸ್ತ್ರವನ್ನು ಅಭ್ಯಸಿಸಿದಳು. 1900ರಲ್ಲಿ ಟೋಕಿಯೊದಲ್ಲಿ ಹತ್ತು ವಿದ್ಯಾರ್ಥಿನಿಯರೊಡನೆ ಆಕೆ ತೆರೆದ ಶಾಲೆಯೇ ಇಂದಿನ ತ್ಸುದಾ ವಿಶ್ವವಿದ್ಯಾಲಯ. ಅಲ್ಲಿಗೆ ಬಂದವರು ಜಪಾನಿ ಭಾಷೆಯಲ್ಲಿಯೇ ಬೆಳೆದು, ಅದರ ಮೇಲೆ ಇಂಗ್ಲಿಷ್ ಕಲಿತವರು. ಆಕೆಗಾದ ನಷ್ಟ ಅವರಿಗಾಗಲಿಲ್ಲ. 2024ರ ಜುಲೈನಿಂದ ಜಪಾನಿನ 5,000 ಯೆನ್ ನೋಟಿನ ಮೇಲೆ ಆಕೆಯ ಮುಖವಿದೆ.

ಆಕೆಯ ಅಂತರಂಗದ ಭಾಷೆ ಯಾವುದಾಗಿತ್ತು? 1984ರಲ್ಲಿ ಆ ಕಾಲೇಜಿನ ಅಟ್ಟದ ಮೇಲೆ ನೂರಾರು ಪತ್ರಗಳು ದೊರೆತವು. ಮರಳಿದ ದಿನಗಳ ಒಂಟಿತನ, ಮದುವೆಗೆ ಬಂದ ಒತ್ತಾಯ, ಸ್ವದೇಶದಲ್ಲೇ ಪರಕೀಯಳಾದ ಅನುಭವ, ಎಲ್ಲವನ್ನೂ ಉಮೆ ಅವುಗಳಲ್ಲಿ ತೋಡಿಕೊಂಡಿದ್ದಳು. ಅವೆಲ್ಲ ಇಂಗ್ಲಿಷಿನಲ್ಲಿದ್ದವು. ಬರೆದದ್ದು ಜಾರ್ಜ್‌ಟೌನಿನ ಅಡೆಲೀನ್ ಲ್ಯಾನ್‌ಮನ್ ಅವರಿಗೆ.