ಇಕನಾಮಿಕ್ಸ್ ಡಿಗ್ರಿಯ ಸಬ್ಜೆಕ್ಟ್ ಪಟ್ಟಿ ಬರೆದವರು ಯಾರು?

ಇವತ್ತಿನ ಕಥೆ ಒಂದು ಫೋನ್ ಕಾಲ್‌ನಿಂದ ಶುರುವಾಗುತ್ತೆ.

ಹೋದ ವಾರ ರಾತ್ರಿ ಹತ್ತು ಗಂಟೆಗೆ ನನ್ನ ಅಕ್ಕನ ಮಗಳು ಫೋನ್ ಮಾಡಿದ್ಲು. ಬೆಂಗಳೂರಿನ ಒಂದು ಬಿಸಿನೆಸ್ ಸ್ಕೂಲಲ್ಲಿ ಬಿಎಸ್ಸಿ ಇಕನಾಮಿಕ್ಸ್ ಓದ್ತಿದ್ದಾಳೆ. "ಮಾಮ, ಎಲೆಕ್ಟಿವ್ ಫಾರಂ ನಾಳೆ ಸಂಜೆ ಒಳಗೆ ತುಂಬ್ಬೇಕು. ನಾಲ್ಕು ತಗೋಬೇಕು, ಹದಿನಾಲ್ಕು ಕೊಟ್ಟಿದ್ದಾರೆ. ಯಾವುದು ಸ್ಕೋರಿಂಗು ಹೇಳು" ಅಂದ್ಲು.

ಆ ಪ್ರಶ್ನೆ ಕೇಳಿ ನನಗೆ ನನ್ನ ಕಾಲೇಜು ದಿನ ನೆನಪಾಯ್ತು. ನಾನೂ ಅಂಥದೇ ಒಂದು ಕಡೆ ಓದಿದವನು. ಸೀನಿಯರ್‌ಗಳನ್ನ ಕೇಳಿ ಮಾರ್ಕ್ಸ್ ಸುಲಭವಾಗಿ ಬರೋ ಪೇಪರ್‌ಗಳನ್ನೇ ಆರಿಸಿಕೊಂಡೆ. ಮೂರು ವರ್ಷ ಆದ ಮೇಲೆ ಎಂಎ ಮಾಡೋಣ ಅಂತ ಪ್ರವೇಶ ಪರೀಕ್ಷೆಗೆ ಕೂತೆ. ಪ್ರಶ್ನೆಪತ್ರಿಕೆ ತುಂಬ ಕ್ಯಾಲ್ಕುಲಸ್, ಲೀನಿಯರ್ ಆಲ್ಜಿಬ್ರಾ, ಪ್ರಾಬಬಿಲಿಟಿ. ನನ್ನ ಸರ್ಟಿಫಿಕೇಟಲ್ಲಿ ಇಕನಾಮಿಕ್ಸ್ ಅಂತ ಬರೆದಿತ್ತು, ತಲೆಯಲ್ಲಿ ಮಾತ್ರ ಇರಲಿಲ್ಲ. ಒಂದು ವರ್ಷ ಮನೆಯಲ್ಲಿ ಕೂತು ಗಣಿತ ಕಲಿತೆ. ಅಪ್ಪ ಏನೂ ಅನ್ನಲಿಲ್ಲ. ಅದೇ ಹೆಚ್ಚು ಕಷ್ಟ ಆಗಿದ್ದು.

ಆಗ ಹುಟ್ಟಿದ ಪ್ರಶ್ನೆ ಇದು: ಇಕನಾಮಿಕ್ಸ್ ಬಿಸಿನೆಸ್ ಸ್ಕೂಲಿನೊಳಗೆ ಬಂದದ್ದು ಹೇಗೆ? ಅಲ್ಲಿ ಏನು ಓದಬೇಕು, ಏನು ಬೇಡ ಅಂತ ತೀರ್ಮಾನ ಮಾಡಿದವರು ಯಾರು?

ಇದಕ್ಕೆ ನಾವು 1881ರ ಫಿಲಡೆಲ್ಫಿಯಾಕ್ಕೆ ಹೋಗಬೇಕು. ಅಲ್ಲಿ ಜೋಸೆಫ್ ವಾರ್ಟನ್ ಅನ್ನೋ ಉದ್ಯಮಿ ಇದ್ದರು. ನಿಕ್ಕಲ್, ಸತು, ಉಕ್ಕಿನ ವ್ಯವಹಾರ. ಸ್ವತಃ ಕಾಲೇಜು ಡಿಗ್ರಿ ಮಾಡಿದವರಲ್ಲ, ವ್ಯಾಪಾರದಲ್ಲೇ ಲೆಕ್ಕ ಬರೆಯೋದು ಕಲಿತವರು. ಅವರು ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯಕ್ಕೆ 1 ಲಕ್ಷ ಡಾಲರ್ ಕೊಟ್ಟು, ನಿಮ್ಮಲ್ಲಿ ಒಂದು ಹೊಸ ಸ್ಕೂಲ್ ಶುರು ಮಾಡಿ ಅಂದರು. ಇವತ್ತಿನ ವಾರ್ಟನ್ ಸ್ಕೂಲ್ ಹುಟ್ಟಿದ್ದು ಹೀಗೆ. ಅಮೆರಿಕದಲ್ಲಿ ವಿಶ್ವವಿದ್ಯಾಲಯದ ಒಳಗೆ ಶುರುವಾದ ಮೊದಲ ಬಿಸಿನೆಸ್ ಸ್ಕೂಲ್ ಅದು. ಮೊದಲ ಹೆಸರಲ್ಲೇ ಹಣಕಾಸು, ಅರ್ಥವ್ಯವಸ್ಥೆ ಎರಡೂ ಇದ್ದವು.

ಗಮನಿಸಿ, ವಾರ್ಟನ್ ಬರೀ ದುಡ್ಡು ಕೊಟ್ಟು ಸುಮ್ಮನಾಗಲಿಲ್ಲ. ಏನು ಕಲಿಸಬೇಕು ಅಂತಾನೂ ಬರೆದುಕೊಟ್ಟರು. ಲೆಕ್ಕಪತ್ರ, ನಾಣ್ಯ ಮತ್ತು ಹಣ, ತೆರಿಗೆ, ವಾಣಿಜ್ಯ ಕಾನೂನು, ಇವೆಲ್ಲ ಇದ್ದವು. ಜೊತೆಗೆ ಇನ್ನೊಂದು ಷರತ್ತು: ವಿದೇಶಿ ಸರಕಿನ ಮೇಲೆ ಸುಂಕ ಹಾಕಿ ದೇಶದ ಉದ್ಯಮವನ್ನು ಕಾಪಾಡಬೇಕು ಅನ್ನೋದನ್ನ ವಿದ್ಯಾರ್ಥಿಗಳಿಗೆ ಕಲಿಸಬೇಕು. ಸುಂಕ ಇದ್ದರೆ ಲಾಭ ಯಾರಿಗೆ? ನಿಕ್ಕಲ್, ಉಕ್ಕು ಮಾಡೋರಿಗೆ. ಅಂದ್ರೆ ಸಿಲಬಸ್ಸಿನ ಒಂದು ಸಾಲಿನ ಹಿಂದೆ ಒಂದು ಕಾರ್ಖಾನೆ ನಿಂತಿತ್ತು.

ಹಾಗಂತ ಮೇಷ್ಟ್ರುಗಳೆಲ್ಲ ತಲೆಯಾಡಿಸಿಕೊಂಡು ಕೂರಲಿಲ್ಲ. 1883ರಲ್ಲಿ ಅಲ್ಲಿಗೆ ಬಂದ ಎಡ್ಮಂಡ್ ಜೇಮ್ಸ್ ಜರ್ಮನಿಯಲ್ಲಿ ಓದಿದವರು. ಅರ್ಥಶಾಸ್ತ್ರ ಅಂದ್ರೆ ಊರಿನ ಸಮಸ್ಯೆ ನೋಡೋದು ಅನ್ನೋ ಕಡೆಗೆ ಅದನ್ನ ಎಳೆದರು. ನಗರಕ್ಕೆ ಗ್ಯಾಸ್ ಪೂರೈಕೆ ಯಾರು ಮಾಡಬೇಕು, ಖಾಸಗಿಯವರೋ ನಗರಸಭೆಯೋ ಅಂತ 1886ರಲ್ಲೇ ಬರೆದರು. ಮುಂದೆ ಸ್ಕಾಟ್ ನಿಯರಿಂಗ್ ಅನ್ನೋ ಯುವ ಅಧ್ಯಾಪಕರು ಅಲ್ಲೇ ಇಕನಾಮಿಕ್ಸ್ ಕಲಿಸ್ತಾ, ಮಕ್ಕಳನ್ನು ಗಣಿಗೆ, ಮಿಲ್ಲಿಗೆ ಕೆಲಸಕ್ಕೆ ಕಳಿಸೋದನ್ನ ಬಹಿರಂಗವಾಗಿ ವಿರೋಧಿಸಿದರು. 1915ರಲ್ಲಿ ವಿಶ್ವವಿದ್ಯಾಲಯ ಅವರನ್ನ ಕೆಲಸದಿಂದ ತೆಗೆಯಿತು. ಅಧ್ಯಾಪಕರ ಸ್ವಾತಂತ್ರ್ಯದ ಬಗ್ಗೆ ಅಮೆರಿಕ ಪೂರ್ತಿ ಚರ್ಚೆಯಾದ ಪ್ರಕರಣ ಅದು.

ಈಗ ಕಥೆಯನ್ನ ನಮ್ಮ ದೇಶಕ್ಕೆ ತರೋಣ. ಅದಕ್ಕೆ ನಡುವೆ ನ್ಯೂಯಾರ್ಕಲ್ಲಿ ಒಂದು ಸ್ಟಾಪ್ ಇದೆ. 1913ರಲ್ಲಿ ಬರೋಡಾ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಒಬ್ಬ ಹುಡುಗ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಬಂದ. ವಯಸ್ಸು 22. ಹೆಸರು ಭೀಮರಾವ್ ಅಂಬೇಡ್ಕರ್.

ಮೂರು ವರ್ಷದಲ್ಲಿ ಅಂಬೇಡ್ಕರ್ ತಗೊಂಡ ಕೋರ್ಸುಗಳ ಲೆಕ್ಕ ಇವತ್ತಿಗೂ ಸಿಗುತ್ತೆ. ಇಕನಾಮಿಕ್ಸ್ 29. ಇತಿಹಾಸ 11. ಸಮಾಜಶಾಸ್ತ್ರ 6. ತತ್ವಶಾಸ್ತ್ರ 5. ಮಾನವಶಾಸ್ತ್ರ 4. ರಾಜ್ಯಶಾಸ್ತ್ರ 3. ಫ್ರೆಂಚ್ ಒಂದು, ಜರ್ಮನ್ ಒಂದು. ಒಟ್ಟು 60.

ಇದನ್ನ ಒಂದು ಎಲೆಕ್ಟಿವ್ ಫಾರಂ ಥರ ನೋಡಿ. ಅರ್ಧದಷ್ಟು ಒಂದೇ ವಿಷಯ, ಅಂದ್ರೆ ಬೇರು ಗಟ್ಟಿ. ಉಳಿದ ಅರ್ಧ ಸುಮ್ಮನೆ ಹರಡಿಲ್ಲ. ಎರಡನೇ ದೊಡ್ಡ ಪಾಲು ಇತಿಹಾಸಕ್ಕೆ ಹೋಗಿದೆ. ಅದು ಯಾಕೆ ಅನ್ನೋದು ಮುಂದೆ ಅವರು ಬರೆದದ್ದರಲ್ಲಿ ಕಾಣುತ್ತೆ. ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮತ್ತು ಹಣಕಾಸಿನ ಬಗ್ಗೆ ಬರೆದರು. ಬ್ರಿಟಿಷ್ ಇಂಡಿಯಾದ ಪ್ರಾಂತ್ಯಗಳ ಹಣಕಾಸು ಹೇಗೆ ಬೆಳೆದು ಬಂತು ಅಂತ ಬರೆದರು. 1923ರಲ್ಲಿ ರೂಪಾಯಿಯ ಸಮಸ್ಯೆ ಬಗ್ಗೆ ಪುಸ್ತಕ ಬಂತು. ಮೂರರಲ್ಲೂ ಲೆಕ್ಕ ಇದೆ, ಮೂರರಲ್ಲೂ ಚರಿತ್ರೆ ಇದೆ. ತೆರಿಗೆ ಎತ್ತಿದ್ದು ಯಾರು, ಖರ್ಚು ಮಾಡಿದ್ದು ಯಾರು, ಆ ಅಧಿಕಾರ ಅವರಿಗೆ ಬಂದದ್ದು ಹೇಗೆ? ಬರೀ ಸೂತ್ರದಿಂದ ಈ ಪ್ರಶ್ನೆ ಹುಟ್ಟಲ್ಲ, ಬರೀ ಇತಿಹಾಸದಿಂದ ಇದಕ್ಕೆ ಉತ್ತರ ಸಿಗಲ್ಲ.

ಇನ್ನೊಂದು ವಿಷಯ ತುಂಬ ಜನಕ್ಕೆ ಗೊತ್ತಿಲ್ಲ. 1918ರಲ್ಲಿ ಇದೇ ಅಂಬೇಡ್ಕರ್ ಬಾಂಬೆಯ ಸಿಡೆನ್ಹ್ಯಾಮ್ ಕಾಲೇಜಿಗೆ ರಾಜಕೀಯ ಅರ್ಥಶಾಸ್ತ್ರದ ಪ್ರೊಫೆಸರ್ ಆಗಿ ಸೇರಿದರು. 1913ರಲ್ಲಿ ಶುರುವಾದ ಆ ಕಾಲೇಜಿನ ಪೂರ್ತಿ ಹೆಸರಲ್ಲಿ ಕಾಮರ್ಸ್, ಇಕನಾಮಿಕ್ಸ್ ಎರಡೂ ಇವೆ. ನಮ್ಮ ದೇಶದ ಬಿಕಾಂ ಡಿಗ್ರಿಗಳ ಹಿರಿಯಜ್ಜ ಅದು ಅನ್ನಬಹುದು. ಬ್ಯಾಂಕಿಗೆ, ಕಂಪನಿಗೆ ಹೋಗೋ ಹುಡುಗರಿಗೆ ಅಂಬೇಡ್ಕರ್ ಇಕನಾಮಿಕ್ಸ್ ಹೇಳಿಕೊಟ್ಟರು. ಅವರ ಪಾಠ ಕೇಳೋಕೆ ಬೇರೆ ಕಾಲೇಜಿನ ಹುಡುಗರೂ ಬರ್ತಿದ್ದರು. ಅದೇ ಕಾಲೇಜಿನ ಸ್ಟಾಫ್ ರೂಮಲ್ಲಿ, ಎಲ್ಲರೂ ಕುಡಿಯೋ ನೀರಿನ ಪಾತ್ರೆಯನ್ನ ಅವರು ಮುಟ್ಟಬಾರದು ಅಂತ ಕೆಲವು ಸಹೋದ್ಯೋಗಿಗಳು ತಕರಾರು ತೆಗೆದರು. 1920ರಲ್ಲಿ ಅವರು ಆ ಕೆಲಸ ಬಿಟ್ಟು, ಅರ್ಧಕ್ಕೆ ನಿಂತ ಓದು ಮುಗಿಸೋಕೆ ಮತ್ತೆ ಲಂಡನ್‌ಗೆ ಹೋದರು.

ಸರಿ, ಗಣಿತ ಎಲ್ಲಿಂದ ಬಂತು? ಮತ್ತೆ ಅಮೆರಿಕಕ್ಕೆ ಬನ್ನಿ, 1959ಕ್ಕೆ. ಆ ಒಂದೇ ವರ್ಷ ಬಿಸಿನೆಸ್ ಶಿಕ್ಷಣದ ಮೇಲೆ ಎರಡು ದೊಡ್ಡ ವರದಿ ಬಂದವು. ಒಂದಕ್ಕೆ ಫೋರ್ಡ್ ಫೌಂಡೇಶನ್ ದುಡ್ಡು, ಇನ್ನೊಂದಕ್ಕೆ ಕಾರ್ನೆಗಿ ಸಂಸ್ಥೆಯ ದುಡ್ಡು. ಬರೆದವರು ಅರ್ಥಶಾಸ್ತ್ರಜ್ಞರು. ಎರಡೂ ಹೇಳಿದ್ದು ಹೆಚ್ಚುಕಮ್ಮಿ ಒಂದೇ: ಇಲ್ಲಿ ಕೆಲಸದ ಕಸುಬಷ್ಟೇ ಕಲಿಸ್ತಿದ್ದಾರೆ, ಮಟ್ಟ ಸಾಲದು, ಗಣಿತ, ಅಂಕಿಅಂಶ, ಸಮಾಜ ವಿಜ್ಞಾನ, ಸಾಮಾನ್ಯ ಶಿಕ್ಷಣ ಜಾಸ್ತಿ ಮಾಡಿ. ಆಮೇಲೆ ಬಿಸಿನೆಸ್ ಸ್ಕೂಲ್‌ಗಳ ಟೈಮ್‌ಟೇಬಲ್ ನಿಧಾನವಾಗಿ ಬದಲಾಯ್ತು. ಗಣಿತ, ಅಂಕಿಅಂಶ ಗಟ್ಟಿಯಾಗಿ ತಳ ಊರಿದವು. ಇತಿಹಾಸಕ್ಕೆ ಆ ಅದೃಷ್ಟ ಬರಲಿಲ್ಲ.

ಒಂದು ತಮಾಷೆ ಹೇಳಲೇಬೇಕು. ವಾರ್ಟನ್‌ನಲ್ಲಿ ಇವತ್ತಿಗೂ ಪದವಿ ವಿದ್ಯಾರ್ಥಿಗಳಿಗೆ ಕೊಡೋ ಡಿಗ್ರಿಯ ಹೆಸರು ಇಕನಾಮಿಕ್ಸಿನಲ್ಲಿ ಬಿಎಸ್. ಆದರೆ ಇಕನಾಮಿಕ್ಸ್ ವಿಭಾಗವೇ 1970ರ ದಶಕದಲ್ಲಿ ಆ ಸ್ಕೂಲ್ ಬಿಟ್ಟು, ವಿಶ್ವವಿದ್ಯಾಲಯದ ಕಲೆ ಮತ್ತು ವಿಜ್ಞಾನದ ಕಡೆಗೆ ಹೋಯ್ತು. ಅಲ್ಲಿ ಫೈನಾನ್ಸ್ ಓದಿದವನ ಸರ್ಟಿಫಿಕೇಟಲ್ಲೂ ಇಕನಾಮಿಕ್ಸ್, ಮಾರ್ಕೆಟಿಂಗ್ ಓದಿದವಳ ಸರ್ಟಿಫಿಕೇಟಲ್ಲೂ ಇಕನಾಮಿಕ್ಸ್. ಡಿಗ್ರಿಯ ಹೆಸರು ನೋಡಿ ಒಳಗೆ ಏನಿದೆ ಅಂತ ಹೇಳೋಕಾಗಲ್ಲ. ಒಳಗೆ ಏನಿರಬೇಕು ಅನ್ನೋದು ಅರ್ಧ ಕಾಲೇಜಿನ ಕೈಲಿದೆ, ಅರ್ಧ ನಿಮ್ಮ ಕೈಲಿದೆ.

ನನ್ನ ಅಕ್ಕನ ಮಗಳಿಗೆ ನಾನು ಹೇಳಿದ್ದೂ ಇಷ್ಟೇ. ಮೊದಲು ಮುಗಿಯೋ ಜಾಗದಿಂದ ಹಿಂದಕ್ಕೆ ಬಾ. ಎಂಎ ಆಸೆ ಇದ್ರೆ ಗಣಿತ ಬಿಡಬೇಡ. ಎಕನಾಮೆಟ್ರಿಕ್ಸ್ ಬೇಕು ಅಂದ್ರೆ ಅದಕ್ಕೆ ಮುಂಚೆ ಸ್ಟ್ಯಾಟಿಸ್ಟಿಕ್ಸ್ ಆಗಿರಬೇಕು, ಸ್ಟ್ಯಾಟಿಸ್ಟಿಕ್ಸ್ ಸರಿಯಾಗಿ ಅರ್ಥವಾಗಬೇಕು ಅಂದ್ರೆ ಕ್ಯಾಲ್ಕುಲಸ್ ಬೇಕು. ಈ ಸರಪಳಿ ಮೊದಲ ವರ್ಷವೇ ಶುರುವಾಗುತ್ತೆ, ಕೊನೆ ವರ್ಷ ನೆನಪಾದ್ರೆ ತಡ. ಕೆಲಸಕ್ಕೆ ಬೇಕು ಅನ್ನೋ ಫೈನಾನ್ಸ್ ಪೇಪರ್ ಒಂದು ಧಾರಾಳವಾಗಿ ತಗೋ, ತಪ್ಪಿಲ್ಲ. ಆದರೆ ಒಂದು ಜಾಗ ಇತಿಹಾಸಕ್ಕೆ ಇಡು. ಕ್ಲಾಸಲ್ಲಿ ಹೇಳಿಕೊಟ್ಟ ಮಾತು ಯಾರ ಲಾಭದ್ದು ಅಂತ ಕೇಳೋಕೆ ಅದು ಬೇಕಾಗುತ್ತೆ.

"ಭಾರತದ ಆರ್ಥಿಕ ಇತಿಹಾಸ ಅಂತ ಒಂದಿದೆ ಮಾಮ. ಯಾರೂ ತಗೊಳ್ಳಲ್ವಂತೆ. ಹತ್ತು ಜನ ಆಗ್ಲಿಲ್ಲ ಅಂದ್ರೆ ಕ್ಲಾಸೇ ನಡೆಸಲ್ವಂತೆ" ಅಂದ್ಲು.

ಮರುದಿನ ಸಂಜೆ ವಾಟ್ಸಾಪಲ್ಲಿ ಫಾರಂನ ಸ್ಕ್ರೀನ್‌ಶಾಟ್ ಬಂತು. ಸ್ಟ್ಯಾಟಿಸ್ಟಿಕ್ಸ್ ಎರಡನೇ ಭಾಗ, ಲೀನಿಯರ್ ಆಲ್ಜಿಬ್ರಾ, ಕಾರ್ಪೊರೇಟ್ ಫೈನಾನ್ಸ್, ಭಾರತದ ಆರ್ಥಿಕ ಇತಿಹಾಸ. ಕೆಳಗೆ ಒಂದು ಸಾಲು: "ಏಳು ಜನ ಆಗಿದ್ದೀವಿ. ಇನ್ನೂ ಮೂರು ಜನರನ್ನ ಹುಡುಕ್ತಿದ್ದೀನಿ."

ನಿಮ್ಮ ಕಾಲೇಜಲ್ಲೂ ಇಂಥ ಒಂದು ಫಾರಂ ಬರುತ್ತೆ. ತುಂಬೋ ಮುಂಚೆ ಅರ್ಧ ಗಂಟೆ ಕೂತು ಆ ಪಟ್ಟಿಯನ್ನ ಪೂರ್ತಿ ಓದಿ. ಏನಿದೆ ನೋಡಿ, ಏನಿಲ್ಲ ಅನ್ನೋದನ್ನೂ ನೋಡಿ.