ದೂರದರ್ಶಕವನ್ನು ನಡೆಸುವ ತಂತ್ರಾಂಶ

ವೀಕ್ಷಣಾಲಯ ಎಂದೊಡನೆ ನಿಮ್ಮ ಕಣ್ಮುಂದೆ ಬರುವುದು ದೊಡ್ಡ ಗುಮ್ಮಟ ಮತ್ತು ಅದರೊಳಗಿನ ಕನ್ನಡಿ. ಆದರೆ ಭೂಮಿ ತಿರುಗುವುದರಿಂದ ನಕ್ಷತ್ರ ಒಂದೇ ಕಡೆ ನಿಂತಂತೆ ಕಾಣುವುದಿಲ್ಲ. ಅದರ ಬೆನ್ನು ಹತ್ತಿ ಮೋಟಾರುಗಳನ್ನು ನಡೆಸುವ ಕೆಲಸ ಇಂದು ಗಣಕಯಂತ್ರದ್ದು. ಅದಕ್ಕೆ ಬೇಕಾದ ತಂತ್ರಾಂಶವನ್ನು ಪ್ರತಿ ದೂರದರ್ಶಕಕ್ಕೂ ಮೊದಲಿನಿಂದ ಬರೆಯಬೇಕೇ? ಈ ಪ್ರಶ್ನೆಗೆ ಅರ್ಧ ಶತಮಾನದ ಇತಿಹಾಸವಿದೆ.

1970ರ ದಶಕದ ಆರಂಭದಲ್ಲಿ ಅಮೆರಿಕದ ಅರಿಜೋನಾ ರಾಜ್ಯದ ಕಿಟ್ ಪೀಕ್‌ನಲ್ಲಿದ್ದ 36 ಅಡಿ ವ್ಯಾಸದ ರೇಡಿಯೋ ದೂರದರ್ಶಕಕ್ಕೆ ಚಾರ್ಲ್ಸ್ ಮೂರ್ ಅವರು ತಾವು ರೂಪಿಸಿದ 'ಫೋರ್ತ್' ಭಾಷೆಯನ್ನು ಬಳಸಿದರು. ಆಗಿನ ಗಣಕಗಳ ಸ್ಮೃತಿ ತೀರಾ ಕಡಿಮೆ. ಫೋರ್ತ್‌ನಲ್ಲಿ ಪ್ರತಿ ಸಣ್ಣ ಕೆಲಸಕ್ಕೂ ಒಂದು 'ಪದ' ಕಟ್ಟಿ, ಅಂತಹ ಪದಗಳಿಂದಲೇ ದೊಡ್ಡ ಪದವನ್ನು ಕಟ್ಟಬಹುದಿತ್ತು. ಒಮ್ಮೆ ಕಟ್ಟಿದ್ದು ಮತ್ತೆ ಮತ್ತೆ ಉಪಯೋಗಕ್ಕೆ ಬರುತ್ತಿತ್ತು. ಈ ಭಾಷೆ ಇತರ ವೀಕ್ಷಣಾಲಯಗಳಿಗೂ ಹರಡಿತು. 1976ರಲ್ಲಿ ಅಂತರರಾಷ್ಟ್ರೀಯ ಖಗೋಳ ಒಕ್ಕೂಟದ ಸಮಿತಿಯೊಂದು ಅದನ್ನು ಪ್ರಮಾಣಿತ ಭಾಷೆಯಾಗಿ ಅಂಗೀಕರಿಸಿತು.

ಮುಂದಿನ ದೊಡ್ಡ ಹೆಜ್ಜೆ ಚಿಲಿ ದೇಶದ ಅಟಕಾಮಾ ಮರುಭೂಮಿಯದು. ಅಲ್ಲಿ ಸುಮಾರು 5000 ಮೀಟರ್ ಎತ್ತರದಲ್ಲಿರುವ 'ಆಲ್ಮಾ' 2013ರಲ್ಲಿ ಉದ್ಘಾಟನೆಯಾಯಿತು. ಅದರ 66 ಆಂಟೆನಾಗಳನ್ನು ಒದಗಿಸಿದವರು ಉತ್ತರ ಅಮೆರಿಕ, ಯುರೋಪ್ ಮತ್ತು ಜಪಾನಿನವರು. ಅವುಗಳ ರಚನೆ ಬೇರೆ ಬೇರೆ, ಆದರೆ ಅವೆಲ್ಲ ಒಟ್ಟಾಗಿ ಕೆಲಸ ಮಾಡಬೇಕು. ಅದಕ್ಕಾಗಿ 'ಆಲ್ಮಾ ಸಾಮಾನ್ಯ ತಂತ್ರಾಂಶ' ಸಿದ್ಧವಾಯಿತು. ಇದರಲ್ಲಿ ಉಪಕರಣಗಳನ್ನು ನಡೆಸುವುದು ಬಿಡಿ ಘಟಕಗಳು. ಘಟಕವು ಯಾವ ಆಜ್ಞೆಗಳನ್ನು ಸ್ವೀಕರಿಸುತ್ತದೆ ಎಂಬುದು ಮೊದಲೇ ನಿಗದಿಯಾಗಿರುತ್ತದೆ. ಒಳಗಿನ ಮೋಟಾರು ಯಾರು ಮಾಡಿದ್ದೆಂದು ಆಜ್ಞೆ ಕೊಡುವವರು ತಿಳಿಯಬೇಕಾಗಿಲ್ಲ. ದೋಷ ವರದಿ, ಎಚ್ಚರಿಕೆ, ದಾಖಲಾತಿಗಳ ವ್ಯವಸ್ಥೆ ಎಲ್ಲ ಘಟಕಗಳಿಗೂ ಒಂದೇ. ಇದೇ ತಳಹದಿಯನ್ನು ಇಟಲಿಯ 64 ಮೀಟರ್ ವ್ಯಾಸದ ಸಾರ್ಡೀನಿಯಾ ರೇಡಿಯೋ ದೂರದರ್ಶಕವೂ ಬಳಸಿಕೊಂಡಿತು.

ಇದರಲ್ಲಿ ಅಪಾಯವೂ ಇದೆ. ಆಲ್ಮಾ ನಂಬಿದ 'ಕೋರ್ಬಾ' ತಂತ್ರಜ್ಞಾನ ಉಳಿದೆಡೆ ಕ್ರಮೇಣ ಬಳಕೆ ತಪ್ಪಿತು. ತಳಹದಿ ಹಳತಾದರೆ ಅದರ ಮೇಲೆ ನಿಂತವರೆಲ್ಲರಿಗೂ ಅದರ ಹೊರೆ ತಪ್ಪದು.

ನಮ್ಮ ದೇಶವೂ ಈ ಕೆಲಸದಲ್ಲಿ ಪಾಲುದಾರ. ಮೂವತ್ತು ಮೀಟರ್ ದೂರದರ್ಶಕ ಯೋಜನೆಯ ಸಾಮಾನ್ಯ ತಂತ್ರಾಂಶವು ಭಾರತದ ಕೊಡುಗೆ. ಯೋಜನೆಯ ಭಾರತೀಯ ಸಮನ್ವಯ ಕೇಂದ್ರ ಬೆಂಗಳೂರಿನ ಭಾರತೀಯ ಖಗೋಳ ಭೌತವಿಜ್ಞಾನ ಸಂಸ್ಥೆಯಲ್ಲಿದೆ. ಹವಾಯಿಯ ಮೌನಾ ಕೇಯಾ ಪರ್ವತವನ್ನು ಪವಿತ್ರವೆಂದು ಭಾವಿಸುವ ಸ್ಥಳೀಯರ ಪ್ರತಿಭಟನೆಯಿಂದ 2015 ಮತ್ತು 2019ರಲ್ಲಿ ನಿರ್ಮಾಣ ನಿಂತಿತು. ಆದರೆ ತಂತ್ರಾಂಶದ ಶ್ರಮ ವ್ಯರ್ಥವಾಗಲಿಲ್ಲ. ಯಾರು ಬೇಕಾದರೂ ಓದಿ ಬಳಸುವಂತೆ ಅದರ ಮೂಲ ಸಂಕೇತವನ್ನು ಮುಕ್ತವಾಗಿ ಇಡಲಾಗಿದೆ.

ಗಣಕಶಾಸ್ತ್ರ ಓದುವ ಮಿತ್ರರೇ, ನೀವು ಬರೆಯುವ ಪುಟ್ಟ ಪ್ರೋಗ್ರಾಮಿನಲ್ಲಿಯೂ ಬದಲಾಗುವುದು ಯಾವುದು, ಬದಲಾಗದೆ ಉಳಿಯುವುದು ಯಾವುದು ಎಂದು ಮೊದಲೇ ಬೇರ್ಪಡಿಸಿ ನೋಡಿರಿ. ನಾಳೆ ನೀವು ಕಾಣದ ಯಾರೋ ಅದನ್ನು ಬಳಸಬಹುದು.