11 ತಿಂಗಳ ಅಗ್ರಿಮೆಂಟು: ನೋಂದಣಿ ತಪ್ಪಿದರೆ ನಷ್ಟ ಯಾರಿಗೆ?

ಬೆಂಗಳೂರಿನಲ್ಲಿ ಬಾಡಿಗೆ ಮನೆ ಹಿಡಿದವರ ಅಗ್ರಿಮೆಂಟು ಬಹುಪಾಲು 11 ತಿಂಗಳದ್ದು. 12 ಯಾಕಲ್ಲ ಅಂತ ಬ್ರೋಕರನ್ನು ಕೇಳಿದರೆ "ಎಲ್ಲಾ ಕಡೆ ಹಂಗೇ ಸಾರ್" ಅಂತಾನೆ. ಅಸಲಿ ಉತ್ತರ 1908ರ ನೋಂದಣಿ ಕಾಯ್ದೆಯ 17ನೇ ಸೆಕ್ಷನ್‌ನಲ್ಲಿದೆ. ಒಂದು ವರ್ಷ ಮೀರಿದ ಬಾಡಿಗೆ ಕರಾರನ್ನು ನೋಂದಾಯಿಸಲೇಬೇಕು ಅನ್ನುತ್ತದೆ ಅದು. 11ಕ್ಕೆ ನಿಲ್ಲಿಸಿದರೆ ನೋಂದಣಿ ಖರ್ಚಿಲ್ಲ, ಕಚೇರಿ ಓಡಾಟವಿಲ್ಲ, ಬಾಡಿಗೆ ಆದಾಯ ಸರ್ಕಾರದ ಕಡತಕ್ಕೂ ಸೇರುವುದಿಲ್ಲ.

ಇಲ್ಲಿ ಒಂದು ಗೊಂದಲ ಬಿಡಿಸಬೇಕು. ಇ-ಸ್ಟಾಂಪ್ ಪೇಪರಿನ ಮೇಲೆ ಬರೆದು ನೋಟರಿ ಸೀಲು ಹಾಕಿಸಿದರೆ ಅದು ನೋಂದಣಿ ಅಲ್ಲ. ನೋಂದಣಿ ಆಗುವುದು ಉಪನೋಂದಣಾಧಿಕಾರಿ ಕಚೇರಿಯಲ್ಲಿ ಮಾತ್ರ. ಬಾಡಿಗೆದಾರರ ವಿವರ, ಆಧಾರ್ ಪ್ರತಿ ಅಂತ ಪೊಲೀಸ್ ಠಾಣೆಗೆ ಕೊಡುವುದೂ ಬೇರೆಯೇ. ಅದರಿಂದ ನಿಮಗೆ ಯಾವ ಹಕ್ಕೂ ಹುಟ್ಟುವುದಿಲ್ಲ.

ಹಾಗಂತ 11 ತಿಂಗಳ ಕಾಗದ ಅಕ್ರಮವೇನಲ್ಲ. ಸರಿಯಾದ ಸ್ಟಾಂಪ್ ಶುಲ್ಕ ಕಟ್ಟಿದ್ದರೆ ಕೋರ್ಟಿನಲ್ಲಿ ಸಾಕ್ಷ್ಯವಾಗಿ ನಿಲ್ಲುತ್ತದೆ. ತೊಂದರೆ ಶುರುವಾಗುವುದು 12ನೇ ತಿಂಗಳಲ್ಲಿ. ಹೊಸ ಕರಾರಿಲ್ಲದೆ ಬಾಡಿಗೆ ಕೊಡುತ್ತ ಮುಂದುವರಿದರೆ, ಆಸ್ತಿ ವರ್ಗಾವಣೆ ಕಾಯ್ದೆಯ ಪ್ರಕಾರ ಸಾಮಾನ್ಯವಾಗಿ ನೀವು ತಿಂಗಳಿಂದ ತಿಂಗಳಿಗೆ ಇರುವ ಬಾಡಿಗೆದಾರರು. 15 ದಿನದ ನೋಟಿಸ್ ಕೊಟ್ಟು ಬಾಡಿಗೆ ಮುಗಿಸಬಹುದು. ಇನ್ನು ಕೆಲವು ಓನರ್‌ಗಳು ಮೂರು ವರ್ಷ ಅಂತ ಬರೆದು ನೋಂದಣಿ ಮಾಡಿಸುವುದೇ ಇಲ್ಲ. ಆ ಮೂರು ವರ್ಷದ ಮಾತನ್ನು ಕೋರ್ಟು ಸಾಕ್ಷ್ಯವಾಗಿ ತೆಗೆದುಕೊಳ್ಳುವುದಿಲ್ಲ.

ರಾಜ್ಯದ ಬಾಡಿಗೆ ಕಾಯ್ದೆ ಇದೆಯಲ್ಲ ಅಂತೀರಾ? ಇದೆ, 1999ರದ್ದು. ಆದರೆ ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ ಮನೆಗೆ ಅದು ಅನ್ವಯವೇ ಆಗುವುದಿಲ್ಲ. ಇವತ್ತು ಆ ದುಡ್ಡಿಗೆ ಪಿಜಿಯಲ್ಲಿ ಹಾಸಿಗೆ ಸಿಗುವುದೂ ಕಷ್ಟ. ಅಂದರೆ ಹತ್ತು ತಿಂಗಳ ಬಾಡಿಗೆಯನ್ನು ಅಡ್ವಾನ್ಸ್ ಕೊಟ್ಟವರು, ಪೇಂಟಿಂಗ್ ಹೆಸರಲ್ಲಿ ಅದರಲ್ಲಿ ಅರ್ಧ ಮುರಿದುಕೊಂಡರೆ ಸಿವಿಲ್ ಕೋರ್ಟಿಗೇ ಹೋಗಬೇಕು. ವಕೀಲರ ಫೀಸು, ವಾಯಿದೆಗಳ ಲೆಕ್ಕ ಹಾಕಿ ಹೆಚ್ಚಿನವರು ಸುಮ್ಮನಾಗುತ್ತಾರೆ. ಓನರ್‌ಗೂ ಇದು ಗೊತ್ತು.

ಪಕ್ಕದ ಮಹಾರಾಷ್ಟ್ರ ನೋಡಿ. ಅಲ್ಲಿನ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಸೆಕ್ಷನ್ ಪ್ರಕಾರ ಪ್ರತಿ ಬಾಡಿಗೆ ಕರಾರೂ ಲಿಖಿತವಾಗಿರಬೇಕು, ನೋಂದಣಿಯಾಗಬೇಕು. ಅವಧಿ 11 ತಿಂಗಳಿದ್ದರೂ ಅಷ್ಟೇ. ಹೊಣೆ ಮನೆ ಮಾಲೀಕರದ್ದು. ತಪ್ಪಿದರೆ ಮೂರು ತಿಂಗಳವರೆಗೆ ಜೈಲು ಇಲ್ಲವೇ 5,000 ರೂಪಾಯಿವರೆಗೆ ದಂಡ, ಅಥವಾ ಎರಡೂ. ನನಗೆ ಮುಖ್ಯ ಅನ್ನಿಸುವುದು ಈ ಶಿಕ್ಷೆಯಲ್ಲ, ಅದೇ ಸೆಕ್ಷನ್ನಿನ ಇನ್ನೊಂದು ಮಾತು: ನೋಂದಣಿ ಇಲ್ಲದಿದ್ದರೆ, ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಿಲ್ಲುತ್ತದೆ, ಸುಳ್ಳು ಅಂತ ಸಾಬೀತು ಮಾಡುವ ಭಾರ ಮಾಲೀಕರ ಮೇಲೆ. ಈ ಒಂದು ಸಾಲು ಇದ್ದರೆ ಓನರ್ ತಾನಾಗಿಯೇ ನೋಂದಣಿ ಮಾಡಿಸುತ್ತಾನೆ. ಪುಣೆ, ಮುಂಬೈಗೆ ಕೆಲಸಕ್ಕೆ ಹೋದ ನಮ್ಮವರು ಇದನ್ನು ತಿಳಿದಿರಬೇಕು.

ಕೇಂದ್ರ ಸಂಪುಟ 2021ರ ಜೂನ್‌ನಲ್ಲಿ ಒಪ್ಪಿದ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಯ ಅಡ್ವಾನ್ಸಿಗೆ ಎರಡು ತಿಂಗಳ ಮಿತಿ ಇದೆ. ಕರಾರು ಆದ ಎರಡು ತಿಂಗಳೊಳಗೆ ಬಾಡಿಗೆ ಪ್ರಾಧಿಕಾರಕ್ಕೆ ಮಾಹಿತಿ ಕೊಡಬೇಕು. ಆದರೆ ಹೆಸರೇ ಹೇಳುವಂತೆ ಅದು ಮಾದರಿ. ರಾಜ್ಯ ಕಾನೂನು ಮಾಡಿದರೆ ಮಾತ್ರ ಜೀವ ಬರುತ್ತದೆ. ನಮ್ಮ ಶಾಸಕರನ್ನು ಕೇಳಬೇಕಾದ್ದು ಇದನ್ನೇ. ನೋಂದಣಿ ಮಾಡಿಸಿದರೆ ಬಾಡಿಗೆದಾರ ಮನೆ ಬಿಡುವುದಿಲ್ಲ ಅನ್ನುವ ಓನರ್‌ಗಳ ಭಯಕ್ಕೂ ಉತ್ತರ ಸುಲಭ: ಅವಧಿ ಮುಗಿಯುವ ದಿನಾಂಕ ಅದೇ ಪತ್ರದಲ್ಲಿರುತ್ತದೆ.

ಅಲ್ಲಿಯವರೆಗೆ? ಅಡ್ವಾನ್ಸನ್ನು ನಗದಾಗಿ ಕೊಡಬೇಡಿ, ಬ್ಯಾಂಕ್ ಮೂಲಕವೇ ಹಾಕಿ. ಎಷ್ಟು ದಿನದಲ್ಲಿ ವಾಪಸ್, ಯಾವುದಕ್ಕೆ ಎಷ್ಟು ಕಡಿತ ಅನ್ನುವುದು ಕಾಗದದಲ್ಲಿರಲಿ. ಮನೆಯ ಫೋಟೊ ಮೊದಲ ದಿನವೇ ತೆಗೆದು ಓನರ್‌ಗೆ ವಾಟ್ಸಾಪ್ ಮಾಡಿ. ಎರಡು ಮೂರು ವರ್ಷ ಇರುವ ಅಂದಾಜಿದ್ದರೆ, ಖರ್ಚಿನಲ್ಲಿ ಅರ್ಧ ಕೊಡ್ತೀನಿ ಅಂತ ಹೇಳಿಯಾದರೂ ನೋಂದಣಿ ಕೇಳಿ. ಅರ್ಜಿಯ ಕೆಲಸ ಕಾವೇರಿ ಪೋರ್ಟಲ್‌ನಲ್ಲೇ ಶುರು ಮಾಡಬಹುದು.